ಐದು ಗಂಟೆಯ ಕೂಟ, ಅರ್ಧ ನಿಮಿಷದ ಧಿಗಿಣ

ನಾನು ಯಕ್ಷಗಾನ ರೆಕಾರ್ಡ್ ಮಾಡುವವನು. ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ವೇಷ ಕಟ್ಟಿ ಕುಣಿಯುವ ಆಟ, ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ ಕೂಟ, ಎಲ್ಲಿಗೆ ಕರೆಯುತ್ತಾರೋ ಅಲ್ಲಿಗೆ ಕ್ಯಾಮರಾ, ಮೈಕ್, ಸ್ಟ್ಯಾಂಡ್ ಹೊತ್ತುಕೊಂಡು ಹೋಗುವುದು, ಮನೆಗೆ ಬಂದು ಯೂಟ್ಯೂಬ್‌ಗೆ ಹಾಕುವುದು. ಹೊಟ್ಟೆಪಾಡಿಗೆ ಅಡಿಕೆ ತೋಟ ಉಂಟು, ಇದು ಹುಚ್ಚಿಗೆ. ಈ ಹುಚ್ಚಿನಲ್ಲಿ ಇದ್ದುಕೊಂಡೇ ಜನ ನೋಡುವ ರೀತಿ ಬದಲಾದದ್ದನ್ನು ಹತ್ತಿರದಿಂದ ನೋಡಿದ್ದೇನೆ. "ಈಗ ಯಾರಿಗೂ ತಾಳ್ಮೆ ಇಲ್ಲ, ಎಲ್ಲಾ ರೀಲ್ಸ್ ಕಾಲ" ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಅರ್ಧ ಮಾತ್ರ ಸರಿ. ಉದ್ದದ್ದು ಸತ್ತಿಲ್ಲ. ಸತ್ತದ್ದು ನಡುವಿನದ್ದು.

ನಡುವಿನದ್ದು ಅಂದರೆ ಹನ್ನೆರಡು, ಹದಿನೈದು ನಿಮಿಷದ ತುಣುಕು. ಒಂದು ಒಳ್ಳೆಯ ಪ್ರವೇಶ, ಎರಡು ಪದ್ಯ, ಒಂದು ಸಂವಾದ, ಚಂದದ ಥಂಬ್‌ನೇಲ್. ಮೊದಲು ನನ್ನ ಚಾನೆಲ್ ನಡೆಯುತ್ತಿದ್ದದ್ದೇ ಅದರಿಂದ. ಈಗ ಅದನ್ನು ನೋಡುವವರು ಕಡಿಮೆ. ಅರ್ಧ ನಿಮಿಷದ್ದಕ್ಕೆ ಜನ ಇದ್ದಾರೆ, ಐದು ಗಂಟೆಯ ಇಡೀ ಕೂಟಕ್ಕೂ ಇದ್ದಾರೆ. ಎರಡೂ ಬೇರೆ ಬೇರೆ ಜನ. ಕೆಲವು ಸಲ ಒಬ್ಬನೇ ಮನುಷ್ಯ, ಬೇರೆ ಬೇರೆ ಹೊತ್ತಿನಲ್ಲಿ.

ಸ್ವಲ್ಪ ಹಿಂದಿನದ್ದು ಹೇಳಬೇಕು. ನಮ್ಮ ಕಡೆ ತಾಳಮದ್ದಳೆ ಕೇಳುವುದು ಯೂಟ್ಯೂಬ್‌ನಿಂದ ಶುರುವಾದದ್ದಲ್ಲ. ಕ್ಯಾಸೆಟ್ ಇತ್ತು, ಸಿಡಿ ಬಂತು, ಆಮೇಲೆ ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡ್‌ಗೆ ತುಂಬಿಸಿಕೊಳ್ಳುವ ಕಾಲ. ಕೀಪ್ಯಾಡ್ ಫೋನ್‌ನಲ್ಲಿ ಹಳೆಯ ಅರ್ಥಧಾರಿಗಳ, ಅಂದರೆ ಕೂಟದಲ್ಲಿ ಪಾತ್ರದ ಮಾತಾಡುವವರ, ಕೂಟ ಹಾಕಿ ಕಿಸೆಯಲ್ಲಿಟ್ಟುಕೊಂಡು ತೋಟಕ್ಕೆ ಮದ್ದು ಬಿಡಲು ಹೋಗುವವರನ್ನು ನೋಡಿಯೇ ನಾನು ದೊಡ್ಡವನಾದದ್ದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮೆಮೊರಿ ಕಾರ್ಡ್ ಹೋಯಿತು, ಎಲ್ಲರೂ ಯೂಟ್ಯೂಬ್‌ಗೆ ಬಂದರು. ಚುಟುಕು ವಿಡಿಯೋದ ರುಚಿ ಹತ್ತಿಸಿದ್ದು ಮಾತ್ರ, ನನ್ನ ಪ್ರಕಾರ, ವಾಟ್ಸಾಪ್ ಸ್ಟೇಟಸ್. ಆಗ ಅದಕ್ಕೆ 30 ಸೆಕೆಂಡ್ ಮಿತಿ. ಆಟ ಆಡಿಸಿದ ಸಮಿತಿಯವರು ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ "ಸ್ಟೇಟಸ್‌ಗೆ ಹಾಕ್ಲಿಕ್ಕೆ ಒಂದು ತುಂಡು ಕೊಡಿ" ಅಂತ ಕೇಳುತ್ತಿದ್ದರು. ಇಡೀ ರಾತ್ರಿಯ ಆಟದಲ್ಲಿ ಅವರಿಗೆ ಬೇಕಾದದ್ದು ಅಷ್ಟೇ, ಅದೂ ತಮ್ಮ ಬ್ಯಾನರ್ ಕಾಣಬೇಕು.

ಆಮೇಲೆ 2020. ಮಾರ್ಚ್‌ನಲ್ಲಿ ಕರ್ನಾಟಕ-ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಹಾಕಿದರು. ಮಂಗಳೂರಿನ ಕಲಾವಿದರು ಇಲ್ಲಿಗಿಲ್ಲ, ಇಲ್ಲಿಯವರು ಅಲ್ಲಿಗಿಲ್ಲ. ಆಟ ಪೂರ್ತಿ ನಿಂತಿತು. ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ಬಂದ್. ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್. ಮನೆಯಲ್ಲಿ ಕೂತ ಜನ, ಖಾಲಿ ಬಿದ್ದ ಜಾಗ, ತುಂಬಲು ಎರಡು ದೊಡ್ಡ ಕಂಪನಿಗಳು. ನಾನೂ ಹಾರ್ಡ್ ಡಿಸ್ಕ್‌ನಲ್ಲಿದ್ದ ಹಳೆಯ ಆಟಗಳನ್ನು ಕತ್ತರಿಸಲು ಕೂತೆ.

ಕತ್ತರಿಸಲು ಕೂತಾಗ ಮೊದಲು ಸಿಕ್ಕಿದ ಸಮಸ್ಯೆ ಆಕಾರದ್ದು. ರಂಗಸ್ಥಳ ಅಗಲ. ಹಿಂದೆ ಪದ್ಯ ಹಾಡುವ ಭಾಗವತರು, ಪಕ್ಕದಲ್ಲಿ ನಿಂತು ಬಾರಿಸುವ ಚೆಂಡೆಯವರು, ಎದುರಲ್ಲಿ ಎರಡು ವೇಷ ಮುಖಾಮುಖಿ. ಫೋನ್ ನೆಟ್ಟಗೆ ಹಿಡಿದ ಕೂಡಲೇ ಅದರಲ್ಲಿ ಹಿಡಿಸುವುದು ಒಂದೇ ವೇಷ. ಯುದ್ಧದ ದೃಶ್ಯದಲ್ಲಿ ಅರ್ಜುನ ಬಾಣ ಬಿಡುತ್ತಾನೆ, ಯಾರಿಗೆ ಅಂತ ಕಾಣುವುದೇ ಇಲ್ಲ. ಎರಡೂ ವೇಷ ಬರಲಿ ಅಂತ ಕುಗ್ಗಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಇರುವೆ ಗಾತ್ರದ ಮನುಷ್ಯರು. ಈಗ ನಾನು ಮಾಡುವುದು ಹೀಗೆ: ಕ್ಯಾಮರಾ ಅಡ್ಡವಾಗಿಯೇ, ಆದರೆ 4ಕೆಯಲ್ಲಿ ಶೂಟ್. 4ಕೆಯ ಎತ್ತರ 2160 ಪಿಕ್ಸೆಲ್, ಅದರಿಂದ 9:16 ಅಳತೆಗೆ ಒಂದು ಪಟ್ಟಿ ಕತ್ತರಿಸಿದರೆ ಅಗಲ 1215 ಸಿಗುತ್ತದೆ, ರೀಲ್ಸ್‌ಗೆ ಬೇಕಾದದ್ದು 1080. ಅಷ್ಟು ಸಾಕು. ಎಡಿಟ್ ಮಾಡುವಾಗ ಆ ಪಟ್ಟಿಯನ್ನು ಒಂದು ವೇಷದಿಂದ ಇನ್ನೊಂದಕ್ಕೆ ಜರುಗಿಸುತ್ತೇನೆ. ಕಿರೀಟ ತಲೆಯ ಮೇಲೆ ಕತ್ತರಿಸಿ ಹೋಗಬಾರದು, ಕೆಳಗೆ ಮತ್ತು ಬಲಕ್ಕೆ ಬಟನ್, ಹೆಸರು, ಲೈಕ್ ಎಲ್ಲಾ ಬಂದು ಕೂರುವುದರಿಂದ ಅಲ್ಲಿ ಹೆಜ್ಜೆ ಇರಬಾರದು. ಗೆಜ್ಜೆ ಕಟ್ಟಿದ ಕಾಲಿನ ಮೇಲೆ ಯಾರದ್ದೋ ಪ್ರೊಫೈಲ್ ಫೋಟೋ ಬಂದು ಕೂತರೆ ಎಂಥ ಅವಸ್ಥೆ ಹೇಳಿ.

ಶಬ್ದದ್ದು ಇನ್ನೊಂದು ಕಥೆ. ಸೌಂಡ್‌ನವರ ಮಿಕ್ಸರ್‌ನಿಂದ ಒಂದು ಲೈನ್ ತೆಗೆದುಕೊಳ್ಳುತ್ತೇನೆ, ಚೆಂಡೆಗೆ ಬೇರೆ ಮೈಕ್, ಅದರ ಲೆವೆಲ್ ತುಂಬಾ ಕೆಳಗೆ, ಜೋರಾಗಿ ಬಾರಿಸಿದಾಗಲೂ ಮೈನಸ್ 12 ಡೆಸಿಬೆಲ್‌ನ ಮೇಲೆ ಹೋಗದ ಹಾಗೆ. ಇಲ್ಲದಿದ್ದರೆ ಚೆಂಡೆಯ ಶಬ್ದ ಒಡೆದು ಹೋಗುತ್ತದೆ, ಒಡೆದದ್ದನ್ನು ಯಾವ ಸಾಫ್ಟ್‌ವೇರ್‌ನಲ್ಲೂ ಪೂರ್ತಿ ಸರಿ ಮಾಡಲು ಆಗುವುದಿಲ್ಲ. ಫೋನ್ ಸ್ಪೀಕರ್‌ನಲ್ಲಿ ಮದ್ದಳೆಯ ತಗ್ಗು ನಾದ ಬರುವುದೇ ಇಲ್ಲ. ಕೇಳುವುದು ಚೆಂಡೆ, ಚಕ್ರತಾಳ, ಭಾಗವತರ ಜಾಗಟೆ, ಅಷ್ಟೇ. ಹಾಗಾಗಿ ಶಾರ್ಟ್ಸ್‌ಗೆ ಬೇರೆ ಮಿಕ್ಸ್ ಮಾಡುತ್ತೇನೆ, ಮದ್ದಳೆಯ ಬೆರಳಿನ ಪೆಟ್ಟು ಕೇಳುವ ಜಾಗವನ್ನು ಸ್ವಲ್ಪ ಎತ್ತಿ. ಇದನ್ನು ಯಾರೂ ಗಮನಿಸುವುದಿಲ್ಲ. ಒಬ್ಬ ಮದ್ದಳೆಗಾರರು ಗಮನಿಸಿದರು, ಅಷ್ಟು ಸಾಕು ನನಗೆ.

ಯಾವುದು ಓಡುತ್ತದೆ? ಧಿಗಿಣ. ಕಣ್ಣು ಮುಚ್ಚಿ ಹೇಳಬಹುದು. ವೇಗ ಏರಿಸಿ ಹಾಡುವ ಏರುಪದ್ಯಕ್ಕೆ ಪುಂಡುವೇಷ, ಅಂದರೆ ತರುಣ ವೀರನ ವೇಷ, ಗಿರಗಿರನೆ ಸುತ್ತುವ ಆ ಕೆಲವು ಸೆಕೆಂಡ್. ಶುರುವಿನಲ್ಲಿ ಮೇಳದ ಹೆಸರು, ಪ್ರಸಂಗದ ಹೆಸರು, ಸೇವಾಕರ್ತರ ಹೆಸರು ಹಾಕುತ್ತಿದ್ದೆ, ಜನ ಅದರಲ್ಲೇ ಮೇಲಕ್ಕೆ ತಳ್ಳಿ ಹೋಗುತ್ತಿದ್ದರು. ಶಾರ್ಟ್ಸ್‌ನ ಅನಲಿಟಿಕ್ಸ್‌ನಲ್ಲಿ ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ತಳ್ಳಿ ಹೋದರು ಅಂತ ನೇರವಾಗಿ ತೋರಿಸುತ್ತದೆ, ಮುಖಕ್ಕೆ ಹೊಡೆದ ಹಾಗೆ. ಈಗ ಹೆಸರೆಲ್ಲಾ ಕೊನೆಗೆ. ಶುರು ಮಾಡುವುದು ಎರಡನೇ ಸುತ್ತಿನಿಂದ, ಮುಗಿಸುವುದು ಚೆಂಡೆಯ ಮುಕ್ತಾಯಕ್ಕೆ. ಮುಕ್ತಾಯದಲ್ಲಿ ಮುಗಿಸಿದರೆ ವಿಡಿಯೋ ತನ್ನಷ್ಟಕ್ಕೆ ಮತ್ತೆ ಶುರುವಾದಾಗ ಕಿವಿಗೆ ಕಿರಿಕಿರಿ ಆಗುವುದಿಲ್ಲ, ಜನ ಎರಡು ಮೂರು ಸಲ ನೋಡುತ್ತಾರೆ.

ಧಿಗಿಣ ಬಿಟ್ಟರೆ ಚೌಕಿ, ವೇಷ ಕಟ್ಟುವ ಜಾಗ. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಚಿಟ್ಟಿ ಇಡುವುದನ್ನು ನೋಡಿದ್ದೀರಾ? ಅಕ್ಕಿ ಹಿಟ್ಟು ಮತ್ತು ಸುಣ್ಣ ಕಲಸಿ, ಸಪೂರ ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಒಂದೊಂದೇ ಮುಳ್ಳಿನ ಹಾಗೆ ಎಬ್ಬಿಸುತ್ತಾ ಹೋಗುವುದು. ಸಾಲಿನ ಮೇಲೆ ಸಾಲು. ಕೈಯಲ್ಲಿ ಸಣ್ಣ ಕನ್ನಡಿ, ಉಸಿರು ಬಿಡುವುದೂ ನಿಧಾನ, ಮಾತಿಲ್ಲ, ಯಾರಾದರೂ ಮಾತಾಡಿಸಿದರೆ ಹುಬ್ಬಿನಲ್ಲೇ ಉತ್ತರ. ಗಂಟೆಗಟ್ಟಲೆ ಕೆಲಸ. ಅದನ್ನು ಟೈಮ್‌ಲ್ಯಾಪ್ಸ್ ಮಾಡಿ ನಲವತ್ತು ಸೆಕೆಂಡ್‌ಗೆ ಇಳಿಸಿ ಹಾಕಿದೆ, ನನ್ನ ಚಾನೆಲ್‌ನಲ್ಲಿ ಅಷ್ಟು ಜನ ನೋಡಿದ ವಿಡಿಯೋ ಬೇರೆ ಇಲ್ಲ. "ಇದು ಮುಖವಾಡವಾ?" ಅಂತ ಕೇಳಿದವರು ಇದ್ದಾರೆ. ಪಯ್ಯನ್ನೂರು, ಕಾಞಂಗಾಡ್ ಕಡೆಯ ಮಲಯಾಳಿಗಳು ಬಂದು ತೆಯ್ಯಂನ ಮುಖದ ಬರವಣಿಗೆಯ ಜೊತೆ ಹೋಲಿಸಿ ಕಮೆಂಟ್ ಹಾಕಿದರು, ಒಳ್ಳೆಯ ಚರ್ಚೆ ಆಯಿತು. ಇಂಥದ್ದು ಉದ್ದ ವಿಡಿಯೋದಲ್ಲಿ ನನಗೆ ಯಾವತ್ತೂ ಸಿಕ್ಕಿರಲಿಲ್ಲ, ಅದನ್ನು ಒಪ್ಪಲೇಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವುದು ಇದೇ ಜಿಲ್ಲೆಯಲ್ಲಿ, ಆದರೂ ಚಂದ್ರಗಿರಿ ಹೊಳೆಯ ಆಚೆಯವರಿಗೆ ಯಕ್ಷಗಾನ ತಲುಪಿಸಲು ಒಂದು ರೀಲ್ ಬೇಕಾಯಿತು.

ಫೋನ್‌ನಲ್ಲಿ ರೀಲ್ಸ್ ಆರಿಸಿ ಕೊಡುವ ಫೀಡ್‌ಗೆ ಕಾಸರಗೋಡು ಅಂದರೆ ಕೇರಳ, ಕೇರಳ ಅಂದರೆ ಮಲಯಾಳಂ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಹಾಕಿದ ಗಡಿ ಅದಕ್ಕೆ ಚೆನ್ನಾಗಿ ಗೊತ್ತು, ಗಡಿಯ ಒಳಗೆ ಕನ್ನಡ, ತುಳು, ಮರಾಠಿ, ಕೊಂಕಣಿ, ಬ್ಯಾರಿ ಮಾತಾಡುವವರು ಇದ್ದಾರೆ ಅನ್ನುವುದು ಗೊತ್ತಿಲ್ಲ. ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಸಭೆಗಳಲ್ಲಿ ಹೇಳಿಕೊಳ್ಳುವುದು. ಹೊಸ ಫೋನ್ ತೆಗೆದುಕೊಂಡ ನೆರೆಮನೆಯ ಹುಡುಗಿಗೆ ಮೊದಲ ವಾರ ಬಂದದ್ದೆಲ್ಲಾ ಮಲಯಾಳಂ ರೀಲ್ಸ್, ಕನ್ನಡದ್ದು ಹುಡುಕಿ ನೋಡಿದ ಮೇಲೆ ಬರಲು ಶುರುವಾದದ್ದು ಬೆಂಗಳೂರಿನ ಕಾಮಿಡಿ. ಈಗ ಅವಳು ತಮ್ಮನನ್ನು "ಏನ್ ಗುರೂ" ಅಂತ ಕರೆಯುತ್ತಾಳೆ. ಅಜ್ಜಿಗೆ ಕೋಪ, ನನಗೆ ನಗು. ಮೊದಲು ಮಂಗಳೂರು ಆಕಾಶವಾಣಿ ಹಾಕಿದರೆ ಇಡೀ ಮನೆಗೆ ಒಂದೇ ಕಾರ್ಯಕ್ರಮ. ಈಗ ಒಂದು ಮನೆಯ ನಾಲ್ಕು ಜನರ ಕೈಯಲ್ಲಿ ನಾಲ್ಕು ಊರು. ಹಾಗಾಗಿ ನಾನು ಹೆಸರನ್ನು ಕನ್ನಡದಲ್ಲೂ ಮಲಯಾಳಂನಲ್ಲೂ ಬರೆಯುತ್ತೇನೆ, ಊರಿನ ಹೆಸರನ್ನು ಬಿಡದೆ ಹಾಕುತ್ತೇನೆ. ಪೆರ್ಲ, ಮುಳ್ಳೇರಿಯ, ನೀರ್ಚಾಲು ಅಂತ ಕಂಡರೆ ನಮ್ಮವರು ಬೆರಳು ನಿಲ್ಲಿಸುತ್ತಾರೆ.

ಇನ್ನು ತಾಳಮದ್ದಳೆಗೆ ಬರುತ್ತೇನೆ. ಇಲ್ಲಿ ಶಾರ್ಟ್ಸ್ ಕೆಲಸ ಮಾಡುವುದಿಲ್ಲ, ಮಾಡಿದರೆ ಕೆಟ್ಟ ಕೆಲಸವನ್ನೇ ಮಾಡುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕುರ್ಚಿಯಲ್ಲಿ ಕೂತ ನಾಲ್ಕು ಜನರ ಮಾತು. ಆ ಮಾತಿಗೆ ಬೆಲೆ ಬರುವುದು ಹಿಂದೆ ಏನು ಹೇಳಿದರು, ಎದುರಿನವರು ಏನು ಉತ್ತರ ಕೊಟ್ಟರು ಅನ್ನುವುದರಿಂದ. ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವ ಹೀಯಾಳಿಸುವ ಭಾಗ ಇದೆಯಲ್ಲ, ನನ್ನ ಒಂದು ರೆಕಾರ್ಡಿಂಗ್‌ನಿಂದ ಯಾರೋ ಅದನ್ನು ಮಾತ್ರ ಎತ್ತಿ, ಭಾಗವತರ ಪದ್ಯ ತೆಗೆದು, ಕೆಳಗೆ ಧಡ್ ಧಡ್ ಅಂತ ಸಂಗೀತ ಸೇರಿಸಿ ಹಾಕಿದರು. ಎರಡು ದಿನದಲ್ಲಿ ಎಲ್ಲಾ ಗ್ರೂಪ್‌ಗಳಿಗೂ ಬಂತು. ಕೆಳಗೆ ಬೈಗುಳ: "ಯಾರು ಇವ? ದೇವರಿಗೆ ಹೀಗೆ ಹೇಳ್ತಾನಾ?" ಆ ಅರ್ಥಧಾರಿ ಮನೆಯಲ್ಲಿ ದಿನಾ ಕೃಷ್ಣನ ಪೂಜೆ ಮಾಡುವವರು. ಕೌರವನ ಮಾತನ್ನು ಕೌರವ ಹೇಳದೆ ಬೇರೆ ಯಾರು ಹೇಳಬೇಕು? ಅದಕ್ಕೆ ಕೃಷ್ಣನ ಉತ್ತರ ಮುಂದಿನ ಹತ್ತು ನಿಮಿಷದಲ್ಲಿ ಇತ್ತು, ಇಡೀ ಸಭೆ ಚಪ್ಪಾಳೆ ತಟ್ಟಿದ ಉತ್ತರ. ಆ ಹತ್ತು ನಿಮಿಷ ಯಾರಿಗೂ ಬೇಡ. ನಾನು ಪೂರ್ತಿ ಭಾಗವನ್ನು ಮೇಲೆ ಹಾಕಿ ಗ್ರೂಪ್‌ಗಳಿಗೆ ಕಳಿಸಿದೆ. ತುಂಡು ನೋಡಿದವರಲ್ಲಿ ಬೆರಳೆಣಿಕೆಯ ಜನ ಬಂದು ನೋಡಿದರು. ಅರ್ಥಧಾರಿಯೇ ನನಗೆ ಫೋನ್ ಮಾಡಿ "ಬಿಡಿ ಮಾರಾಯ್ರೇ, ನನ್ನ ಕೌರವ ಚೆನ್ನಾಗಿತ್ತು ಅಂತಾಯಿತಲ್ಲ" ಅಂದರು. ಅವರಿಗೆ ಇದ್ದ ಸಮಾಧಾನ ನನಗೆ ಇರಲಿಲ್ಲ.

ಅಲ್ಲಿಂದ ಮೇಲೆ ನನ್ನ ಚಾನೆಲ್‌ನಲ್ಲಿ ತಾಳಮದ್ದಳೆಯ ಮಾತನ್ನು ಒಂದು ನಿಮಿಷಕ್ಕೆ ಕತ್ತರಿಸುವುದಿಲ್ಲ. ಶಾರ್ಟ್ಸ್‌ಗೆ ಬೇಕಾದರೆ ಭಾಗವತರ ಒಂದು ಪದ್ಯ, ಅಥವಾ ಹಾಸ್ಯದ ಒಂದು ಚಟಾಕಿ. 2024ರ ಅಕ್ಟೋಬರ್‌ನಿಂದ ಯೂಟ್ಯೂಬ್ ಶಾರ್ಟ್ಸ್ ಮೂರು ನಿಮಿಷದವರೆಗೆ ಹೋಗಬಹುದು, ಹಾಗಾಗಿ ಪದ್ಯವನ್ನು ಪೂರ್ತಿ ಹಾಕಲು ಈಗ ಜಾಗ ಸಿಕ್ಕಿದೆ. ಇದು ತಮಾಷೆ ಅಲ್ವಾ, ಚುಟುಕು ಚುಟುಕು ಅಂತ ಶುರು ಮಾಡಿದವರೇ ನಿಧಾನಕ್ಕೆ ಉದ್ದ ಮಾಡುತ್ತಿದ್ದಾರೆ. ರೀಲ್ಸ್ ಶುರುವಾದಾಗ 15 ಸೆಕೆಂಡ್ ಇತ್ತು.

ಶಾರ್ಟ್ಸ್ ನೋಡಿದವರು ಇಡೀ ಆಟ ನೋಡಲು ಬರುತ್ತಾರೆ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಶಾರ್ಟ್ಸ್‌ನ ಕಮೆಂಟ್, ವಿವರಣೆಯಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವುದಿಲ್ಲ, ಬದಲಿಗೆ ಸಂಬಂಧಿಸಿದ ವಿಡಿಯೋ ಅಂತ ಒಂದನ್ನು ಜೋಡಿಸಬಹುದು. ನಾನು ತಪ್ಪದೆ ಜೋಡಿಸುತ್ತೇನೆ. ಒತ್ತಿ ಬರುವವರು ತುಂಬಾ ಕಡಿಮೆ. ಬೆರಳು ಮೇಲಕ್ಕೆ ತಳ್ಳುವ ಅಭ್ಯಾಸದಲ್ಲಿದ್ದಾಗ ಐದು ಗಂಟೆಯ ವಿಡಿಯೋ ಒತ್ತಲು ಯಾರಿಗೆ ಮನಸ್ಸು ಬರುತ್ತದೆ? ಈಗ ಶಾರ್ಟ್ಸ್ ಅನ್ನು ಜಾಹೀರಾತು ಅಂತ ನೋಡುವುದನ್ನೇ ಬಿಟ್ಟಿದ್ದೇನೆ. ಅದರಷ್ಟಕ್ಕೆ ಅದು ಚಂದ ಇರಬೇಕು, ಅಲ್ಲೇ ಮುಗಿಯಬೇಕು.

ಹಾಗಾದರೆ ಐದು ಗಂಟೆಯದ್ದನ್ನು ಕೇಳುವವರು ಯಾರು? ಅಡಿಕೆ ಸುಲಿಯುವವರು. ಸುಮ್ನೆ ಹೇಳುತ್ತಿಲ್ಲ. ನಮ್ಮಲ್ಲಿಗೆ ಸುಲಿಯಲು ಬರುವ ಅಣ್ಣ ಒಬ್ಬರಿದ್ದಾರೆ. ಬಂದ ಕೂಡಲೇ ಜಗಲಿಯಲ್ಲಿ ಗೋಣಿ ಹಾಸಿ ಕೂತು, ಫೋನನ್ನು ಸ್ಟೀಲ್ ಚೊಂಬಿನೊಳಗೆ ನಿಲ್ಲಿಸುತ್ತಾರೆ, ಶಬ್ದ ದೊಡ್ಡದಾಗಲಿ ಅಂತ. ಪರದೆ ಗೋಡೆಯ ಕಡೆಗೆ. ಚಿತ್ರದ ಗುಣಮಟ್ಟ 144ಕ್ಕೆ ಇಳಿಸಿರುತ್ತಾರೆ, ನೆಟ್ ಉಳಿಯಬೇಕಲ್ಲ. ಪರದೆ ಆಫ್ ಮಾಡುವ ಹಾಗಿಲ್ಲ, ದುಡ್ಡು ಕಟ್ಟದವರಿಗೆ ಯೂಟ್ಯೂಬ್ ನಿಂತುಹೋಗುತ್ತದೆ. ನಾನು 4ಕೆ ಅಂತ ಒದ್ದಾಡಿ ತೆಗೆದದ್ದು ಚೊಂಬಿನೊಳಗೆ ಗೋಡೆ ನೋಡುತ್ತಾ ಓಡುತ್ತಿರುತ್ತದೆ. ಒಂದು ಸಲ ನಾನು ಒಂದು ಕೂಟವನ್ನು ಅರ್ಧರ್ಧ ಗಂಟೆಯ ಭಾಗಗಳಾಗಿ ಹಾಕಿದ್ದೆ. ಅವರು ಗದರಿಸಿದರು: "ಇಡೀ ಕೂಟ ಒಟ್ಟಿಗೆ ಹಾಕು ಮಾರಾಯ. ಅರ್ಧ ಗಂಟೆಗೊಮ್ಮೆ ಎದ್ದು ಒತ್ತುವುದಾ? ಕೈಯೆಲ್ಲಾ ಅಡಿಕೆ ಚೊಗರು." ಅದೇ ಅಣ್ಣ ಮಧ್ಯಾಹ್ನ ಊಟ ಆದ ಮೇಲೆ ಕೈ ತೊಳೆದು, ಕಂಬಕ್ಕೆ ಒರಗಿ, ಒಂದಾದ ಮೇಲೆ ಒಂದು ರೀಲ್ಸ್ ತಳ್ಳುತ್ತಾರೆ. ಈಗ ಹೇಳಿ, ಅವರಿಗೆ ತಾಳ್ಮೆ ಉಂಟಾ ಇಲ್ಲವಾ?

ಕೈ ಖಾಲಿ ಇದ್ದಾಗ ಚುಟುಕು, ಕೈಗೆ ಕೆಲಸ ಇದ್ದಾಗ ಉದ್ದದ್ದು. ನನಗೆ ಅರ್ಥವಾದದ್ದು ಇಷ್ಟೇ. ನಡುವಿನ ಹದಿನೈದು ನಿಮಿಷ ಕೇಳುತ್ತಿದ್ದದ್ದು ಸುಮ್ಮನೆ ಕೂತು ಗಮನ ಕೊಟ್ಟು ನೋಡುವ ಹೊತ್ತನ್ನು, ಆ ಹೊತ್ತನ್ನೇ ರೀಲ್ಸ್ ತಿಂದದ್ದು. ಗಲ್ಫ್‌ನಿಂದ ಕಮೆಂಟ್ ಹಾಕುವವರಲ್ಲೂ ಹಾಗೆಯೇ, ಡ್ರೈವರ್ ಕೆಲಸದವರು, ಅಡುಗೆ ಕೆಲಸದವರು, ರಾತ್ರಿ ಪಾಳಿಯವರು. ಕಣ್ಣು ಬೇರೆ ಕಡೆ ಇರುವವರು.

ಇದು ಗೊತ್ತಾದ ಮೇಲೆ ಉದ್ದದ್ದನ್ನು ಕಿವಿಗೆ ಅಂತಲೇ ಮಾಡುತ್ತೇನೆ. ಸಭೆಯ ಸ್ವಾಗತ, ಸನ್ಮಾನ, ಧನ್ಯವಾದ ಕತ್ತರಿ. ಮೈಕ್ ಕೂಗಿದ ಜಾಗ ಕತ್ತರಿ. ಅರ್ಥಧಾರಿ ಶುರುವಿನಲ್ಲಿ ಹೇಳುವ ಪೀಠಿಕೆಗೆ ಮಾತ್ರ ಕತ್ತರಿ ಇಲ್ಲ, ಅರ್ಧ ಗಂಟೆ ಆದರೂ ಇರಲಿ. ಬೇಡದವರಿಗೆ ಅಧ್ಯಾಯ ಹಾಕಿಕೊಡುತ್ತೇನೆ: ವಿವರಣೆಯಲ್ಲಿ 0:00ರಿಂದ ಶುರು ಮಾಡಿ ಸಮಯ ಬರೆದು ಮುಂದೆ "ಕೃಷ್ಣನ ಪೀಠಿಕೆ", "ವಿದುರನ ಮನೆ", "ಕೌರವನ ಸಭೆ" ಅಂತ ಬರೆದರೆ ಯೂಟ್ಯೂಬ್ ತಾನಾಗಿ ಭಾಗ ಮಾಡುತ್ತದೆ, ಕನಿಷ್ಠ ಮೂರು ಇರಬೇಕು ಅಷ್ಟೇ. ನಿನ್ನೆ ನಿಲ್ಲಿಸಿದಲ್ಲಿಂದ ಇವತ್ತು ಹಿಡಿಯಲು ಅದು ಸುಲಭ.

ದುಡ್ಡಿನ ಲೆಕ್ಕವೂ ನನ್ನನ್ನು ಅದೇ ಕಡೆಗೆ ತಳ್ಳಿತು. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವ್ಯೂಸ್. ಕೂಟಕ್ಕೆ ಒಂದು ಕೋಟಿ ಜನರನ್ನು ಎಲ್ಲಿಂದ ತರುವುದು? ಆದರೆ ನಾಲ್ಕು ಗಂಟೆಯ ಒಂದು ಕೂಟವನ್ನು ಸಾವಿರ ಜನ ಪೂರ್ತಿ ಕೇಳಿದರೆ 4,000 ಗಂಟೆ ಆಯಿತಲ್ಲ. ಸಣ್ಣ ಭಾಷೆಯ ಸಣ್ಣ ಕಲೆಗೆ ದಾರಿ ಇದೇ. ಪಾಲಿನಲ್ಲೂ ವ್ಯತ್ಯಾಸ ಇದೆ. ಉದ್ದ ವಿಡಿಯೋದ ಜಾಹೀರಾತಿನಲ್ಲಿ ಮಾಡಿದವನಿಗೆ 55 ಶೇಕಡಾ. ಶಾರ್ಟ್ಸ್‌ಗೆ 2023ರ ಫೆಬ್ರವರಿಯಿಂದ ಪಾಲು ಬಂತು, ಅದು ಎಲ್ಲರ ದುಡ್ಡು ಒಟ್ಟು ಸೇರಿಸಿ ಹಂಚಿ, ನಮ್ಮ ಭಾಗಕ್ಕೆ ಬಂದದ್ದರಲ್ಲಿ 45 ಶೇಕಡಾ. ಕೇಳಲು ಹತ್ತಿರ ಹತ್ತಿರ, ಕೈಗೆ ಬರುವಾಗ ಅಜಗಜಾಂತರ. ವ್ಯೂಸ್ ನೋಡಿ ಉಬ್ಬುವುದೂ ಬೇಡ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಹಳೆಯ ಲೆಕ್ಕ ಅನಲಿಟಿಕ್ಸ್ ಒಳಗೆ ಬೇರೆ ಇದೆ, ದುಡ್ಡು ಅದರ ಮೇಲೆ.

ನನಗೆ ನಿಜವಾಗಿ ಬೇಜಾರಾಗುವುದು ರಂಗಸ್ಥಳದಲ್ಲಿ ಕಾಣುವ ಬದಲಾವಣೆ. ಏರುಪದ್ಯ ಶುರುವಾದ ಕೂಡಲೇ ಎದುರಿನ ಸಾಲಿನ ಫೋನ್‌ಗಳು ಮೇಲೇಳುತ್ತವೆ, ಮುಗಿದ ಕೂಡಲೇ ಇಳಿಯುತ್ತವೆ. ವೇಷಧಾರಿಗೆ ಅದು ಕಾಣುತ್ತದೆ. ಫೋನ್ ಎದ್ದಷ್ಟು ಹೊತ್ತು ಇನ್ನೆರಡು ಸುತ್ತು ಜಾಸ್ತಿ. ಭಾಗವತರು ಪದ್ಯ ಎಳೆಯಬೇಕು, ಚೆಂಡೆಯವರು ಕಾಯಬೇಕು. ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯು ಸುತ್ತಿ ಸುತ್ತಿ, ತಾಯಿಗೆ ಹೇಳಬೇಕಾದ ಎರಡು ಮಾತಿಗೆ ಉಸಿರೇ ಉಳಿಯಲಿಲ್ಲ, ನಾನು ಕ್ಯಾಮರಾ ಹಿಂದೆ ನಿಂತು ನೋಡಿದ್ದೇನೆ. ಧಿಗಿಣ ಬೇಡ ಅಂತಲ್ಲ, ಅದು ನಮ್ಮ ತೆಂಕುತಿಟ್ಟು ಶೈಲಿಯ ಸೊಬಗು. ಎಷ್ಟು ಅನ್ನುವುದನ್ನು ಈಗ ಫೋನ್ ಹೇಳುತ್ತದೆ, ಭಾಗವತರಲ್ಲ. ಇಡೀ ರಾತ್ರಿ ನಡೆಯದೆ ಕೆಲವೇ ಗಂಟೆಗೆ ಮುಗಿಸುವ ಕಾಲಮಿತಿಯ ಆಟದಲ್ಲಿ ಇದರ ಪೆಟ್ಟು ಬೀಳುವುದು ಮಾತಿಗೆ. ಹಿರಿಯ ಕಲಾವಿದರೊಬ್ಬರು ಚೌಕಿಯಲ್ಲಿ ನನ್ನನ್ನೇ ಹಿಡಿದು ಕೇಳಿದರು, ನೀವು ಅದನ್ನೇ ಕತ್ತರಿಸಿ ಹಾಕಿದರೆ ಹುಡುಗರು ಅದನ್ನೇ ಮಾಡುವುದಲ್ಲವೇ ಅಂತ. ಉತ್ತರ ಇರಲಿಲ್ಲ. ಈಗ ಒಂದು ಧಿಗಿಣ ಹಾಕಿದರೆ ಅದರ ಹಿಂದೆಯೇ ಒಂದು ಪದ್ಯಾಭಿನಯ ಅಥವಾ ಸ್ತ್ರೀವೇಷದ ನಿಧಾನ ಪ್ರವೇಶ ಹಾಕುತ್ತೇನೆ. ಅದಕ್ಕೆ ಜನ ಕಡಿಮೆ. ಆದರೂ ಅದನ್ನು ನೋಡಿದವರು ಆ ಕಲಾವಿದರ ಹೆಸರು ಕೇಳುತ್ತಾರೆ, ಧಿಗಿಣಕ್ಕೆ ಹೆಸರು ಕೇಳಿದವರು ಅಪರೂಪ.

ಈಗ ಕಲಾವಿದರೇ ಆಟ ಮುಗಿದ ಕೂಡಲೇ "ನನ್ನದೊಂದು ಕ್ಲಿಪ್ ಕಳಿಸಿ" ಅನ್ನುತ್ತಾರೆ, ಅವರಿಗೂ ಇನ್‌ಸ್ಟಾಗ್ರಾಮ್ ಉಂಟು, ಮುಂದಿನ ಮಳೆಗಾಲದ ಕೂಟಗಳ ಕರೆ ಅಲ್ಲಿಂದಲೇ ಬರುವುದೂ ಉಂಟು. ಕಳಿಸುತ್ತೇನೆ. ಪದ್ಯ, ಅದರ ಅರ್ಥ, ಎದುರಿನವರ ಉತ್ತರ ಮೂರೂ ಸೇರಿಸಿ ಏಳೆಂಟು ನಿಮಿಷದ್ದು ಕೊಡುತ್ತೇನೆ. ಕತ್ತರಿಸುವುದು ಅವರಿಗೆ ಬಿಟ್ಟದ್ದು, ಹೆಚ್ಚಿನವರು ಕತ್ತರಿಸುತ್ತಾರೆ.